ಚಳಿಗಾಲದ ಬೆಂಕಿ: ಮನೆಗೆ ಹತ್ತದಂತೆ, ಆರಿಸಲು ಬಂದವರ ಎದೆಗೆ ಇಳಿಯದಂತೆ

ಡಿಸೆಂಬರ್ ಬಂತೆಂದರೆ ನನ್ನ ಟೂಲ್ ಬ್ಯಾಗಿನಲ್ಲಿ ಕರಕಲಾದ ತ್ರೀ ಪಿನ್ ಟಾಪ್‌ಗಳು ಸೇರತೊಡಗುತ್ತವೆ. ಮೂಡಿಗೆರೆ ಕಡೆ ವೈರಿಂಗ್ ಕೆಲಸ ನನ್ನದು. "ಪ್ಲಗ್ ಪಾಯಿಂಟಿಂದ ಏನೋ ಸುಟ್ಟ ವಾಸನೆ ಬರ್ತಿದೆ, ಸ್ವಲ್ಪ ನೋಡ್ಕೊಂಡು ಹೋಗಿ" ಅಂತ ಫೋನ್ ಬರುತ್ತದೆ. ಹೋಗಿ ನೋಡಿದರೆ ಎಲ್ಲ ಮನೆಯಲ್ಲೂ ಒಂದೇ ಕಥೆ. ಟಾಪಿನ ಒಂದು ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿರುತ್ತದೆ. ಗೋಡೆಯ ಸಾಕೆಟ್ಟಿನಲ್ಲೂ ಅದೇ ಜಾಗದಲ್ಲಿ ಒಂದು ಕಪ್ಪು ಕಣ್ಣು. ಪಕ್ಕದಲ್ಲೇ ಕರ್ಟನ್ ತೂಗುತ್ತಿರುತ್ತದೆ.

ನನ್ನ ಚಿಕ್ಕಪ್ಪ ಅಗ್ನಿಶಾಮಕ ಇಲಾಖೆಯಲ್ಲಿದ್ದವರು. ಈಗ ನಿವೃತ್ತರು. ಆ ಟಾಪ್‌ಗಳನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ, "ಇದನ್ನ ನೀನು ಬಿಚ್ಚಿ ತಂದ್ಯಲ್ಲ, ಯಾರೋ ಒಬ್ಬ ಹುಡುಗನ ಎದೆ ಉಳೀತು" ಅನ್ನುತ್ತಾರೆ. ಮನೆಯವರ ಜೀವ ಉಳಿಯಿತು ಅನ್ನುವುದಿಲ್ಲ ನೋಡಿ. ಬೆಂಕಿ ಬಿದ್ದ ಮನೆಯಿಂದ ಜನ ಹೇಗೋ ಹೊರಗೆ ಓಡಿ ಬರುತ್ತಾರೆ. ಅದೇ ಹೊಗೆಯೊಳಗೆ ನುಗ್ಗುವವರು ಸ್ಟೇಷನ್ನಿನ ಹುಡುಗರು. ಅದಕ್ಕೇ ಈ ಬರಹದಲ್ಲಿ ಮನೆಯ ಎಚ್ಚರಿಕೆ, ಅವರ ಆರೋಗ್ಯ ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ.

ಮೊದಲು ಪ್ಲಗ್ ಪಾಯಿಂಟ್

ಒಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಚಳಿಗಾಲದಲ್ಲಿ ಬಳಸುವ ಸಾಮಾನನ್ನೆಲ್ಲ ಹೊರಗೆ ತೆಗೆಯಿರಿ. ನೀರು ಕಾಯಿಸುವ ರಾಡ್, ರೂಮ್ ಹೀಟರ್, ಕೆಟಲ್, ಏನಿದೆಯೋ ಅದು. ಅವುಗಳ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿ. 2000 ವ್ಯಾಟಿನ ಹೀಟರ್ ಸುಮಾರು 8.7 ಆಂಪ್ಸ್ ಎಳೆಯುತ್ತದೆ. 1500 ವ್ಯಾಟಿನ ರಾಡ್ 6.5 ಆಂಪ್ಸ್. ಗೋಡೆಯ ಸಣ್ಣ ಪಾಯಿಂಟು, ಟಿವಿ ಹಿಂದೆ ಬಿದ್ದಿರುವ ಎಕ್ಸ್‌ಟೆನ್ಷನ್ ಬಾಕ್ಸು ಇರುವುದು ಸಾಮಾನ್ಯವಾಗಿ 6 ಆಂಪ್ಸ್‌ಗೆ.

ಹೀಟರಿನ ದೊಡ್ಡ ಟಾಪ್ ಸಣ್ಣ ಪಾಯಿಂಟಿಗೆ ಹೋಗುವುದಿಲ್ಲ. ಸುಮ್ನೆ ಹಾಗೆ ಮಾಡಿಲ್ಲ, ಹೋಗಬಾರದು ಅಂತಲೇ ಮಾಡಿರುವುದು. ನಮ್ಮ ಜನ ಬಿಡುತ್ತಾರೆಯೇ? ಅಂಗಡಿಯಿಂದ ಒಂದು ಕನ್ವರ್ಟರ್ ಪ್ಲಗ್ ತಂದು ಕೂರಿಸುತ್ತಾರೆ. ನಾನು ಬಿಚ್ಚಿದ ಕರಕಲು ಟಾಪ್‌ಗಳಲ್ಲಿ ಜಾಸ್ತಿ ಈ ಕನ್ವರ್ಟರಿನ ಸಂತಾನವೇ. ಇದ್ದರೆ ಇವತ್ತೇ ಎಸೆಯಿರಿ.

"ಎಂಸಿಬಿ ಇದೆಯಲ್ಲ, ಜಾಸ್ತಿ ಆದ್ರೆ ಬೀಳುತ್ತೆ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಆ ಲೈನಿಗೆ 16 ಆಂಪ್ಸ್ ಎಂಸಿಬಿ ಹಾಕಿದ್ದರೆ 8.7 ಆಂಪ್ಸ್ ಹರಿದಾಗ ಅದು ಯಾಕೆ ಬೀಳಬೇಕು? ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇದೆ. ಸಾಕೆಟ್ ಮಾತ್ರ ಒಳಗೊಳಗೇ ಬೇಯುತ್ತಿರುತ್ತದೆ. ಇನ್ನು ಲೂಸ್ ಕಾಂಟ್ಯಾಕ್ಟ್. ಸ್ಕ್ರೂ ಸಡಿಲವಾಗಿದ್ದರೆ, ಸಾಕೆಟ್ಟಿನೊಳಗಿನ ಹಿತ್ತಾಳೆ ಹಿಡಿತ ಬಿಟ್ಟಿದ್ದರೆ, ಆ ಒಂದು ಬಿಂದುವಿನಲ್ಲಿ ಬಿಸಿ ಏರುತ್ತಾ ಹೋಗುತ್ತದೆ. ಕರೆಂಟ್ ಎಲ್ಲೂ ಸೋರುತ್ತಿಲ್ಲ, ಆದ್ದರಿಂದ ಸೋರಿಕೆ ಹಿಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುವುದಿಲ್ಲ. ಲೋಡ್ ಜಾಸ್ತಿ ಆಗಿಲ್ಲ, ಆದ್ದರಿಂದ ಎಂಸಿಬಿಯೂ ಬೀಳುವುದಿಲ್ಲ. ಇದನ್ನು ಹಿಡಿಯುವುದು ನಿಮ್ಮ ಮೂಗು, ನಿಮ್ಮ ಕೈ ಮಾತ್ರ.

ಹಾಗಾಗಿ ಹೀಟರನ್ನು 15 ನಿಮಿಷ ಓಡಿಸಿ. ಸ್ವಿಚ್ ಆರಿಸಿ. ಟಾಪನ್ನು ಹೊರಗೆಳೆದು ಅಂಗೈಯ ಹಿಂಭಾಗವನ್ನು ಅದರ ಹತ್ತಿರ ಹಿಡಿಯಿರಿ. ಉಗುರು ಬೆಚ್ಚಗಿದ್ದರೆ ತೊಂದರೆ ಇಲ್ಲ. ಕೈ ತಾಗಿಸಲಾಗದಷ್ಟು ಸುಡುತ್ತಿದ್ದರೆ, ಪಿನ್ ಕಪ್ಪಗಿದ್ದರೆ, ಒಳಗೆ ಚಿಟಿಚಿಟಿ ಸದ್ದು ಬಂದಿದ್ದರೆ ಆ ಪಾಯಿಂಟನ್ನು ಮತ್ತೆ ಮುಟ್ಟಬೇಡಿ. ಟಾಪ್, ಸಾಕೆಟ್ ಎರಡನ್ನೂ ಬದಲಾಯಿಸಬೇಕು. ಒಂದನ್ನೇ ಬದಲಾಯಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. ಹೀಟರಿಗೆ, ಗೀಸರಿಗೆ 16 ಆಂಪ್ಸ್‌ನ ದೊಡ್ಡ ಪಾಯಿಂಟೇ ಬೇಕು. ಅದಕ್ಕೆ ಮೇನ್ ಬೋರ್ಡಿನಿಂದ ಬೇರೆಯೇ ಲೈನು, 2.5 ಸ್ಕ್ವೇರ್ ಎಂಎಂಗಿಂತ ಸಣ್ಣದಲ್ಲದ ತಾಮ್ರದ ವೈರು, ಅರ್ಥಿಂಗ್ ಇರಬೇಕು. ನಾನಂತೂ ಗೀಸರಿಗೆ 4 ಹಾಕುತ್ತೇನೆ. ಬೋರ್ಡಿನಲ್ಲಿ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ. ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಅಲಂಕಾರ ಅಷ್ಟೇ.

ರಾಡಿನ ಬಗ್ಗೆ ನನಗೆ ಪ್ರೀತಿ ಇಲ್ಲ, ಆದರೆ ಬಳಸುವವರು ಬಳಸುತ್ತಾರೆ. 20 ಲೀಟರ್ ನೀರು ಸ್ನಾನಕ್ಕೆ ಹದವಾಗಲು 1500 ವ್ಯಾಟಿನ ರಾಡಿಗೆ ಅರ್ಧ ಗಂಟೆ ಸಾಕು. ಸ್ವಿಚ್ ಹಾಕಿದ ಕೂಡಲೇ ಮೊಬೈಲಿನಲ್ಲಿ 30 ನಿಮಿಷಕ್ಕೆ ಅಲಾರಂ ಇಡಿ. ಮರೆತು ಹೋದರೆ ನೀರು ಆವಿಯಾಗಿ ಇಳಿಯುತ್ತದೆ, ರಾಡ್ ಕೆಂಪಗಾಗುತ್ತದೆ, ಪ್ಲಾಸ್ಟಿಕ್ ಬಕೆಟ್ ಕರಗಿ ಹೊತ್ತಿಕೊಳ್ಳುತ್ತದೆ. ನೀರು ಬಿಸಿ ಆಯಿತಾ ಅಂತ ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ, ಟಾಪ್ ಎಳೆಯಿರಿ. ಸ್ಟೀಲ್ ಬಕೆಟ್ಟಿನಲ್ಲಿ ರಾಡ್ ಇಡಲೇಬೇಡಿ.

ರೂಮ್ ಹೀಟರಿನ ಸುತ್ತ ಮೂರಡಿ ಖಾಲಿ ಇರಲಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸಿದ ಅಭ್ಯಾಸದಲ್ಲಿ ಒದ್ದೆ ಟವೆಲ್ಲನ್ನು ಅದರ ಮುಂದೆ ಹರಡುವವರಿದ್ದಾರೆ. ಬೇಡ. ಮಲಗುವ ಮೊದಲು ಆರಿಸಿ. ದಿಂಬಿನ ಕೆಳಗೆ, ಕಂಬಳಿಯೊಳಗೆ ಮೊಬೈಲ್ ಚಾರ್ಜಿಗೆ ಹಾಕುವುದೂ ಬೇಡ. ಎಲೆಕ್ಟ್ರಿಕ್ ಸ್ಕೂಟರನ್ನು ಇಬ್ಬನಿಗೆ ನೆನೆಯುತ್ತದೆ ಅಂತ ಮುಂಬಾಗಿಲ ಒಳಗೆ ತಂದು ರಾತ್ರಿ ಚಾರ್ಜ್ ಮಾಡಬೇಡಿ. ಆ ಬ್ಯಾಟರಿ ಹೊತ್ತಿಕೊಂಡರೆ ನಿಮಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಕೆಂಡ: ಹೊಗೆ ಇಲ್ಲದ್ದೇ ಅಪಾಯ

ನಮ್ಮ ಕಡೆ ಕಾಫಿ ಕುಯ್ಲು ಚಳಿಯಲ್ಲೇ ಬರುತ್ತದೆ. ಹೊರಗಿನಿಂದ ಬಂದ ಕೆಲಸಗಾರರು ಲೈನ್ ಮನೆಗಳಲ್ಲಿ ಇರುತ್ತಾರೆ. ಒಂದೇ ಕೋಣೆ, ಒಂದೇ ಕಿಟಕಿ, ಅದಕ್ಕೂ ಗೋಣಿಚೀಲ ತುರುಕಿರುತ್ತಾರೆ. ಸಂಜೆ ಹೊರಗೆ ಬೆಂಕಿ ಕಾಯಿಸಿ, ಮಲಗುವ ಹೊತ್ತಿಗೆ ಹಳೇ ಬಾಂಡಲಿಯಲ್ಲಿ ಕೆಂಡ ತುಂಬಿ ಒಳಗೆ ಒಯ್ಯುತ್ತಾರೆ. ಕೇಳಿದರೆ "ಹೊಗೆ ಎಲ್ಲಾ ಹೋಗಿದೆ ಅಣ್ಣ, ಬರೀ ಕೆಂಡ" ಅನ್ನುತ್ತಾರೆ.

ಆ ಬರೀ ಕೆಂಡವೇ ಕೊಲ್ಲುವುದು. ಹೊಗೆಯಾದರೆ ಕಣ್ಣು ಉರಿಸಿ ಎಬ್ಬಿಸುತ್ತದೆ. ನಿಗಿನಿಗಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಕೂಡ ಬರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆ ತಿರುಗುವುದು, ನಿದ್ದೆ. ಊಟ ಹೆಚ್ಚು ಕಡಿಮೆ ಆಯಿತೇನೋ ಅಂದುಕೊಂಡು ಮಲಗಿದವರು ಏಳುವುದೇ ಇಲ್ಲ.

ಹಾಗಾಗಿ ಅಗ್ಗಿಷ್ಟಿಕೆ, ಇದ್ದಿಲು, ಕೆಂಡದ ಬಾಂಡಲಿ ಯಾವುದೂ ಮಲಗುವ ಕೋಣೆಗೆ ಬರಬಾರದು. "ಕಿಟಕಿ ಒಂಚೂರು ತೆಗೆದಿದ್ದೀವಿ" ಅನ್ನುವುದು ಸಾಲದು. ತೋಟದ ಮಾಲೀಕರಿಗೆ ಒಂದು ಮಾತು. ಬೈದು ಹೇಳುವ ಬದಲು ತಲೆಗೊಂದು ದಪ್ಪ ಕಂಬಳಿ ಕೊಡಿಸಿ, ಕಿಟಕಿಗೆ ಸರಿಯಾದ ಬಾಗಿಲು ಹಾಕಿಸಿ. ಚಳಿ ತಡೆಯಲಾಗದೆ ತಾನೇ ಅವರು ಕೆಂಡ ಒಳಗೆ ತರುವುದು.

ಗ್ಯಾಸ್ ಗೀಸರಿನದೂ ಇದೇ ಲೆಕ್ಕ. ಬಚ್ಚಲಿನೊಳಗೇ ಗೀಸರ್ ಕೂರಿಸಿ, ಚಳಿಗೆ ವೆಂಟಿಲೇಟರ್ ಮುಚ್ಚಿ, ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಸ್ನಾನ ಮಾಡಿದರೆ ಉರಿಯಲು ಬೇಕಾದ ಗಾಳಿಯನ್ನು ಅದು ನಿಮ್ಮ ಪಾಲಿನಿಂದಲೇ ಕದಿಯುತ್ತದೆ. ಗೀಸರ್ ಬಚ್ಚಲಿನ ಹೊರಗಿರಬೇಕು. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಯಾರಾದರೂ ಒಳಗೆ ಬಿದ್ದಿರುವುದು ಕಂಡರೆ ಬಾಗಿಲು ಒಡೆಯಿರಿ, ಗೀಸರ್ ಆರಿಸಿ, ಅವರನ್ನು ತೆರೆದ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಉರೀತಿತ್ತು" ಅಂತ ಹೇಳಲು ಮರೆಯಬೇಡಿ. ಅದೊಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಬಚ್ಚಲೊಲೆ ಮತ್ತು ಅದರ ಬೂದಿ

ಹಂಡೆ ನೀರಿನ ಸ್ನಾನದ ಸುಖ ಗೀಸರಿಗೆ ಎಲ್ಲಿ ಬರಬೇಕು! ಆದರೆ ಬಚ್ಚಲೊಲೆ ಮಲೆನಾಡಿನ ಮನೆಗಳಲ್ಲಿ ಎರಡು ಕಡೆ ಕೈಕೊಡುತ್ತದೆ. ಒಂದು, ಒಲೆಯ ಬಾಯಿಗೆ ಉದ್ದನೆಯ ಕೊಳ್ಳಿ ಇಟ್ಟು ಹೋಗುವುದು. ಮುಂದಿನದು ಉರಿದು ತೀರಿದಂತೆ ತೂಕ ತಪ್ಪಿ ಹಿಂದಿನದು ಹೊರಗೆ ಉರುಳುತ್ತದೆ. ಅಲ್ಲೇ ಅಡಿಕೆ ಸಿಪ್ಪೆ, ತರಗು, ಸೌದೆ ರಾಶಿ. ಒಲೆಯಿಂದ ಸೌದೆಗೆ ನಾಲ್ಕಡಿ ಅಂತರ ಇರಲಿ. ಕೊಳ್ಳಿ ಒಲೆಯೊಳಗೆ ಪೂರ್ತಿ ಹೋಗುವಷ್ಟೇ ಉದ್ದ ಇರಲಿ.

ಎರಡನೆಯದು ಬೂದಿ. ಮೇಲೆ ತಣ್ಣಗೆ ಕಂಡರೂ ಬೂದಿಯೊಳಗೆ ಕೆಂಡ ಮಾರನೆಯ ದಿನವೂ ಜೀವ ಹಿಡಿದಿರುತ್ತದೆ. ನಮ್ಮ ಅಜ್ಜಿ ಬೆಳಿಗ್ಗೆ ಬೂದಿ ಕೆದಕಿ, ಊದಿ, ಬೆಂಕಿಪೊಟ್ಟಣ ಇಲ್ಲದೇ ಒಲೆ ಹಚ್ಚುತ್ತಿದ್ದರು. ಅದೇ ಬೂದಿಯನ್ನು ಈಗ ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿ, ಹುಲ್ಲಿನ ಬಣವೆ ಪಕ್ಕದ ತಿಪ್ಪೆಗೆ ಸುರಿಯುತ್ತಾರೆ. ಬೂದಿ ತೆಗೆಯಲು ತಗಡಿನ ಡಬ್ಬವನ್ನೇ ಬಳಸಿ. ನೀರು ಚಿಮುಕಿಸಿ ಕೋಲಿನಿಂದ ಕಲಕಿ, ಮತ್ತೊಮ್ಮೆ ಚಿಮುಕಿಸಿ. ಮುಚ್ಚಳ ಹಾಕಿ ಮನೆಯಿಂದ ದೂರ ಇಡಿ.

ಬೆಂಕಿ ಕಾಯಿಸುವಾಗ ನೈಲಾನ್ ಸೀರೆ, ಪಾಲಿಯೆಸ್ಟರ್ ಶಾಲು ಬೇಡ. ಅವು ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತವೆ. ಕುರಿ ಉಣ್ಣೆಯ ಕಂಬಳಿಗೆ ಬೆಂಕಿ ಸುಲಭಕ್ಕೆ ಹಿಡಿಯುವುದಿಲ್ಲ. ಯಾರದಾದರೂ ಬಟ್ಟೆಗೆ ಬೆಂಕಿ ತಗುಲಿದರೆ ಓಡಲು ಬಿಡಬೇಡಿ. ನೆಲಕ್ಕೆ ಮಲಗಿಸಿ, ಉರುಳಿಸಿ, ಅಂಥ ಕಂಬಳಿಯನ್ನೇ ಹೊದಿಸಿ ಅದುಮಿ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಲಿ. ಟೂತ್‌ಪೇಸ್ಟ್, ಬೆಣ್ಣೆ, ಶಾಯಿ ಏನೂ ಹಚ್ಚಬೇಡಿ.

ಕಾರ್ತಿಕದ ದೀಪ, ಧನುರ್ಮಾಸದ ಪೂಜೆಯ ಊದುಬತ್ತಿ, ಸೊಳ್ಳೆ ಬತ್ತಿ ಇವನ್ನೆಲ್ಲ ತಟ್ಟೆಯ ಮೇಲೆ ಇಡಿ, ಮಲಗುವ ಮುಂಚೆ ಒಮ್ಮೆ ನೋಡಿ. ಇದಕ್ಕೆ ಹೆಚ್ಚು ವಿವರಣೆ ಬೇಡ.

ಗ್ಯಾಸ್ ಸಿಲಿಂಡರ್

ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಗಡೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಅದು ಮುಂದಿನ ಪರೀಕ್ಷೆಯ ಗಡುವು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿ. ಗಡುವು ಮುಗಿದ ಸಿಲಿಂಡರ್ ಬಂದರೆ ವಾಪಸ್ ಕಳಿಸಿ, ಸಂಕೋಚ ಬೇಡ. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಚಳಿಯಲ್ಲಿ ಉರಿ ಸಣ್ಣಗಾಯಿತು ಅಂತ ಸಿಲಿಂಡರನ್ನು ಬಿಸಿನೀರಿನಲ್ಲಿ ನಿಲ್ಲಿಸುವುದು, ಅಡ್ಡ ಮಲಗಿಸುವುದು ಬೇಡ. ಮಲಗಿಸಿದರೆ ರೆಗ್ಯುಲೇಟರಿಗೆ ಗ್ಯಾಸಿನ ಬದಲು ದ್ರವವೇ ನುಗ್ಗಬಹುದು.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಡುತ್ತದೆ. ಚಳಿಗಾಲದಲ್ಲಿ ಕಿಟಕಿ ಬಾಗಿಲು ರಾತ್ರಿಯೆಲ್ಲ ಮುಚ್ಚಿರುವುದರಿಂದ ಅದಕ್ಕೆ ಹೋಗಲು ಜಾಗವಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ವಾಸನೆ ಬಂದರೆ ಮೊದಲು ಕೈ ಹೋಗುವುದೇ ಲೈಟ್ ಸ್ವಿಚ್ಚಿಗೆ. ತಡೆಯಿರಿ. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಇದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.

ಬೀಗದ ಕೈ ಎಲ್ಲಿದೆ?

ಕಳ್ಳರ ಭಯಕ್ಕೆ ಕಿಟಕಿಗೆಲ್ಲ ಗ್ರಿಲ್, ಮುಂದೆ ಗೇಟು, ಹಿಂದೆ ಬೀಗ. ರಾತ್ರಿ ಎರಡು ಗಂಟೆಗೆ, ಕರೆಂಟ್ ಹೋಗಿ, ಕೋಣೆ ತುಂಬ ಹೊಗೆ ಇದ್ದಾಗ ಕೀ ಹುಡುಕಿ ನೋಡಿ ಗೊತ್ತಾಗುತ್ತದೆ. ಪ್ರತಿ ಬಾಗಿಲ ಪಕ್ಕದಲ್ಲೇ, ಒಳಗಡೆ, ಹೊರಗಿನಿಂದ ಕೈಗೆ ಸಿಗದ ಜಾಗದಲ್ಲಿ ಮೊಳೆಗೆ ಕೀ ನೇತುಹಾಕಿ. ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗಬೇಕು. ಮಕ್ಕಳಿಗೂ ಒಂದು ಸಲ ಹಾಗೇ ಆಟದಂತೆ ಮಾಡಿಸಿ.

ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡು ಮಲಗಿ. ಮುಚ್ಚಿದ ಸಾದಾ ಮರದ ಬಾಗಿಲು ಕೂಡ ಹೊಗೆ, ಬಿಸಿ ಎರಡನ್ನೂ ಒಂದಷ್ಟು ಹೊತ್ತು ತಡೆಯುತ್ತದೆ. ಆ ಹೊತ್ತು ಈಗ ತುಂಬ ಮುಖ್ಯ. ಅಮೆರಿಕದಲ್ಲಿ ಎರಡು ಕೋಣೆಗಳಿಗೆ ಬೆಂಕಿ ಇಟ್ಟು ಹೋಲಿಸಿ ನೋಡಿದ್ದಾರೆ. ಒಂದರಲ್ಲಿ ಹಳೇ ಕಾಲದ ಮರ, ಹತ್ತಿಯ ಪೀಠೋಪಕರಣ. ಇನ್ನೊಂದರಲ್ಲಿ ಈಗಿನ ಫೋಮ್ ಸೋಫಾ, ಪಾಲಿಯೆಸ್ಟರ್ ಕರ್ಟನ್. ಹಳೆಯದು ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆ ಹತ್ತಿರ ಬೇಕಾಯಿತು. ಹೊಸದು ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ.

ಅಡುಗೆಮನೆ ಬಾಗಿಲ ಹತ್ತಿರ ಐಎಸ್‌ಐ ಗುರುತಿನ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಒಂದು ಇರಲಿ, ಅದರ ಮುಳ್ಳು ಹಸಿರಿನಲ್ಲಿರಲಿ. ಪಿನ್ ಎಳೆದು, ಉರಿಯ ಬುಡಕ್ಕೆ ಗುರಿ ಇಟ್ಟು, ಹಿಡಿ ಅದುಮಿ, ಎಡಕ್ಕೆ ಬಲಕ್ಕೆ ಬೀಸಬೇಕು. ಅದು ಕೆಲವೇ ಸೆಕೆಂಡ್ ಕೆಲಸ ಮಾಡುತ್ತದೆ. ಆರದಿದ್ದರೆ ಕೈಬಿಟ್ಟು ಹೊರಗೆ ನಡೆಯಿರಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಸ್ಟವ್ ಆರಿಸಿ ತಟ್ಟೆ ಮುಚ್ಚಿ. ನೀರು ಹಾಕಿದರೆ ಅದು ಕ್ಷಣದಲ್ಲಿ ಸುಮಾರು 1700 ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ.

ಗಾಡಿ ಬರುವವರೆಗೆ, ಬಂದ ಮೇಲೆ

ಬೆಂಕಿ ಬಿದ್ದರೆ 101 ಅಥವಾ 112ಕ್ಕೆ ಕರೆ ಮಾಡಿ. ಮನೆಯ ಹೆಸರಿಗಿಂತ ಗುರುತು ಮುಖ್ಯ: ಯಾವ ಶಾಲೆ ಹಿಂದೆ, ಯಾವ ಕ್ರಾಸ್ ಪಕ್ಕ. ಮುಖ್ಯ ರಸ್ತೆಯಲ್ಲಿ ಟಾರ್ಚ್ ಹಿಡಿದು ಒಬ್ಬರು ನಿಲ್ಲಲಿ. ಬೀದಿಯ ಬೈಕು ಕಾರುಗಳನ್ನು ಸರಿಸಿ. ಚಿಕ್ಕಪ್ಪ ಹೇಳುವಂತೆ ಎಷ್ಟೋ ಸಲ ಗಾಡಿ ಊರಿಗೆ ಬೇಗ ಬರುತ್ತದೆ, ಬೀದಿಗೆ ಬರುವುದೇ ತಡ.

ಗಾಡಿಯಿಂದ ಇಳಿದವರಿಗೆ ಐದು ವಿಷಯ ಹೇಳಿ. ಒಳಗೆ ಯಾರಾದರೂ ಇದ್ದಾರೆಯೇ, ಯಾವ ಕೋಣೆಯಲ್ಲಿ. ಗ್ಯಾಸ್ ಸಿಲಿಂಡರ್ ಎಷ್ಟು, ಎಲ್ಲಿ. ಕರೆಂಟ್ ಮೇನ್ ಎಲ್ಲಿ. ಸೋಲಾರ್, ಯುಪಿಎಸ್, ಸ್ಕೂಟರ್ ಬ್ಯಾಟರಿ ಇದೆಯೇ. ಪೆಟ್ರೋಲ್, ಔಷಧಿ ಹೊಡೆಯುವ ರಾಸಾಯನಿಕ ಎಲ್ಲಿಟ್ಟಿದ್ದೀರಿ. ತೋಟದ ಮನೆಗಳಲ್ಲಿ ಈ ಕೊನೆಯದನ್ನು ಮರೆಯುತ್ತಾರೆ. ಕಳೆನಾಶಕ, ಕೀಟನಾಶಕದ ಡಬ್ಬಗಳು ಉರಿದರೆ ಆ ಹೊಗೆಯ ಲೆಕ್ಕವೇ ಬೇರೆ.

"ಬೀರುವಿನಲ್ಲಿ ಒಡವೆ ಇದೆ, ತಂದುಕೊಡಿ" ಅಂತ ಕೈ ಹಿಡಿದು ಎಳೆಯಬೇಡಿ. ಹೊಗೆಯೊಳಗೆ ಉಸಿರಾಡಲು ಅವರು ಬೆನ್ನಿಗೆ ಕಟ್ಟಿಕೊಳ್ಳುವ ಬಿಎ ಸೆಟ್ಟಿನ ಲೆಕ್ಕ ಕೇಳಿ. 6.8 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಹೆಚ್ಚುಕಡಿಮೆ 2000 ಲೀಟರ್ ಗಾಳಿ ಇರುತ್ತದೆ. ಮೈಮುರಿದು ಕೆಲಸ ಮಾಡುವವರು ನಿಮಿಷಕ್ಕೆ 40 ಲೀಟರೋ, ಅದಕ್ಕಿಂತ ಜಾಸ್ತಿಯೋ ಎಳೆಯುತ್ತಾರೆ. ಕಾಗದದಲ್ಲಿ 50 ನಿಮಿಷ, ನಿಜದಲ್ಲಿ ಅರ್ಧ ಗಂಟೆಯೇ ಹೆಚ್ಚು. ಅದರಲ್ಲೇ ಹೋಗಬೇಕು, ಹುಡುಕಬೇಕು, ವಾಪಸ್ ಬರಬೇಕು. ಹಜಾರದ ತುಂಬ ಹಳೇ ಪೇಪರು, ಮುರಿದ ಕುರ್ಚಿ ತುಂಬಿಟ್ಟರೆ ಆ ಗಾಳಿ ದಾರಿ ಹುಡುಕುವುದರಲ್ಲೇ ಮುಗಿಯುತ್ತದೆ.

ಹೊಗೆಯಲ್ಲಿ ಏನಿದೆ

ಸೌದೆಯ ಹೊಗೆಯನ್ನು ನಾವೆಲ್ಲ ಕುಡಿದು ಬೆಳೆದವರು. ಅದೂ ಒಳ್ಳೆಯದಲ್ಲ. ಆದರೆ ಈಗಿನ ಮನೆ ಉರಿದಾಗ ಬರುವ ಹೊಗೆ ಬೇರೆಯೇ. ಸೋಫಾದ ಫೋಮ್, ನೈಲಾನ್ ಉರಿದರೆ ಹೈಡ್ರೋಜನ್ ಸಯನೈಡ್ ಬರುತ್ತದೆ. ಪಿವಿಸಿ ವೈರ್, ಪೈಪ್ ಉರಿದರೆ ಹೈಡ್ರೋಜನ್ ಕ್ಲೋರೈಡ್. ಜೊತೆಗೆ ಬೆಂಜೀನ್, ಫಾರ್ಮಾಲ್ಡಿಹೈಡ್, ಮಸಿಗೆ ಅಂಟಿದ ಕ್ಯಾನ್ಸರ್‌ಕಾರಕಗಳು. ಚಾವಣಿ ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಶೀಟಿನದಾದರೆ ಬಿಸಿಗೆ ಪಟಪಟ ಸಿಡಿದು ಅದರ ಎಳೆಗಳೂ ಗಾಳಿಗೆ ಸೇರುತ್ತವೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಬೆಂಕಿ ಆರಿಸುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು, ಕಲ್ನಾರು ಇರುವ ಗುಂಪು ಅದು. ಮೂತ್ರಕೋಶದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಹೊದಿಕೆಗೆ ಬರುವ ಮೀಸೋಥೀಲಿಯೋಮಾ, ಈ ಎರಡಕ್ಕೆ ಸಾಕಷ್ಟು ಪುರಾವೆ ಸಿಕ್ಕಿದೆ ಅಂತ ಹೇಳಿತು. ಅದಕ್ಕೂ ಮೊದಲು ಇದನ್ನು "ಇರಬಹುದು" ಅನ್ನುವ ಸಾಲಿನಲ್ಲಿ ಇಟ್ಟಿದ್ದರು.

ಏಪ್ರಿಲ್ 14ನ್ನು ನಾವು ಅಗ್ನಿಶಾಮಕ ಸೇವಾ ದಿನ ಅನ್ನುತ್ತೇವೆ. 1944ರಲ್ಲಿ ಬಾಂಬೆ ಬಂದರಿನಲ್ಲಿ ಹಡಗು ಸಿಡಿದು ಸತ್ತ ಅಗ್ನಿಶಾಮಕರ ನೆನಪಿಗೆ. ಆ ಸಾವು ಎಲ್ಲರಿಗೂ ಕಂಡಿತ್ತು. ಹೊಗೆ ತರುವ ಕಾಯಿಲೆ ಹಾಗಲ್ಲ. ಕಲ್ನಾರಿನದಂತೂ 20, 30 ವರ್ಷ ಬಿಟ್ಟು, ಪಿಂಚಣಿ ಕಾಲಕ್ಕೆ ಬರುತ್ತದೆ. ಯಾವ ಮನೆಯ ಬೆಂಕಿಯಿಂದ ಬಂತು ಅಂತ ಹೇಳುವವರು ಯಾರು?

ಚಿಕ್ಕಪ್ಪನ ಕಾಲದಲ್ಲಿ ಮಸಿ ಹಿಡಿದ ಹೆಲ್ಮೆಟ್ಟೇ ಮರ್ಯಾದೆ. ತೊಳೆದು ಬಂದವನನ್ನು "ಏನಪ್ಪಾ, ಮದುವೆಗೆ ಹೊರಟ್ಯಾ?" ಅಂತ ಆಡಿಕೊಳ್ಳುತ್ತಿದ್ದರಂತೆ. ದೊಡ್ಡ ಬೆಂಕಿಗೆ ಹೋಗಿ ಬಂದ ರಾತ್ರಿ ಅವರು ಖಾಕಿ ಅಂಗಿ ಬಿಚ್ಚಿ ನಮ್ಮ ಬಟ್ಟೆಗಳ ಜೊತೆಗೇ ನೆನೆಹಾಕುತ್ತಿದ್ದರು. ಮಾರನೆಯ ದಿನ ನನ್ನ ಸ್ಕೂಲ್ ಯೂನಿಫಾರಂನಲ್ಲೂ ಸುಟ್ಟ ರಬ್ಬರಿನ ವಾಸನೆ. ಎರಡು ದಿನ ಅವರು ಸೀನಿದರೆ ಕರವಸ್ತ್ರದಲ್ಲಿ ಕಪ್ಪು. ಚಿಕ್ಕಮ್ಮ ಬೆಲ್ಲ, ಮೆಣಸಿನ ಕಷಾಯ ಮಾಡಿಕೊಡುತ್ತಿದ್ದರು. ಕಷಾಯಕ್ಕೆ ಹೋಗುವ ಕಪ್ಪಲ್ಲ ಅದು ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಸ್ಟೇಷನ್ನಿನ ಹುಡುಗರಿಗೆ, ಅವರ ಮನೆಯವರಿಗೆ

ಮಾಸ್ಕ್ ತೆಗೆಯುವ ಹೊತ್ತು. ಉರಿ ಆರಿತು, ಇನ್ನು ಕೆದಕಿ ನೀರು ಹಾಕುವುದಷ್ಟೇ ಅಂತ ಎಲ್ಲರೂ ಮಾಸ್ಕ್ ಕಳಚುತ್ತಾರೆ. ಹೊಗೆ ತೆಳ್ಳಗೆ ಕಾಣುತ್ತದೆ, ಆದರೆ ಕುಮುಲುವ ಬೆಂಕಿ ಅರೆಬರೆ ಉರಿಯುವುದರಿಂದ ವಿಷಾನಿಲ ಬರುತ್ತಲೇ ಇರುತ್ತದೆ. ಕೆದಕುವ ಕೆಲಸಕ್ಕೂ ಬಿಎ ಸೆಟ್ ಬೇಕು. ಒದ್ದೆ ಕರ್ಚೀಫು ವಿಷಾನಿಲ ತಡೆಯುವುದಿಲ್ಲ. ಎನ್95 ಮಸಿಯ ಕಣ ಹಿಡಿದೀತು, ಅನಿಲ ಹಿಡಿಯುವುದಿಲ್ಲ.

ಮುಖಕ್ಕೆ ಮಾಸ್ಕ್ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರಬಾರದು. ಚಳಿಗಾಲ ಅಯ್ಯಪ್ಪ ಮಾಲೆಯ ಕಾಲವೂ ಹೌದು. ವ್ರತದಲ್ಲಿರುವವರನ್ನು ಆ ದಿನಗಳಲ್ಲಿ ಪಂಪು, ಡ್ರೈವಿಂಗ್ ಕಡೆ ಹಾಕಿದರೆ ವ್ರತವೂ ನಡೆಯುತ್ತದೆ, ಎದೆಯೂ ಉಳಿಯುತ್ತದೆ.

ಬೆಂಕಿಯ ಜಾಗದಲ್ಲೇ ತೊಳೆಯುವುದು ಮುಂದಿನ ಹೆಜ್ಜೆ. ಮಾಸ್ಕ್ ಹಾಕಿಕೊಂಡೇ ನಿಲ್ಲಿ. ಜೊತೆಗಾರರು ಸೋಪಿನ ನೀರು, ಮೆತ್ತನೆ ಬ್ರಷ್‌ನಿಂದ ಕೋಟನ್ನು ಮೇಲಿನಿಂದ ಕೆಳಗೆ ತಿಕ್ಕಿ ನೀರು ಬಿಡಲಿ. ಆಮೇಲೆ ಕೋಟು ಬಿಚ್ಚಿ, ಕೊನೆಗೆ ಮಾಸ್ಕ್. ಮುಖ, ಕಿವಿ ಹಿಂಭಾಗ, ಕುತ್ತಿಗೆ, ಕೈಗಳನ್ನು ಅಲ್ಲೇ ಒರೆಸಿಕೊಳ್ಳಿ. ಬೆವೆತ, ಬಿಸಿಯಾದ ಚರ್ಮ ವಿಷವನ್ನು ಬೇಗ ಹೀರುತ್ತದೆ. ಕೈ ತೊಳೆಯುವ ಮೊದಲು ಟೀ, ಬನ್ನು, ಬೀಡಿ ಯಾವುದೂ ಬೇಡ. ಬಿಚ್ಚಿದ ಕೋಟನ್ನು ಚೀಲಕ್ಕೆ ತುಂಬಿ ಕಟ್ಟಿ, ಗಾಡಿಯ ಕ್ಯಾಬಿನ್ನಿನಲ್ಲಿ ಜೊತೆಗೆ ಕೂರಿಸಿಕೊಂಡು ಬರಬೇಡಿ.

ಸ್ಟೇಷನ್ ತಲುಪಿದ ಒಂದು ಗಂಟೆಯೊಳಗೆ ತಲೆಗೆ ಸ್ನಾನ. ಚಳಿ ಅಂತ ಬೆಳಿಗ್ಗೆಗೆ ಮುಂದೂಡುವುದು ಇಲ್ಲೇ. ಸ್ಟೇಷನ್ನಿಗೆ ಒಂದು ಒಳ್ಳೆಯ ಗೀಸರ್, ಬಟ್ಟೆ ತೊಳೆಯಲು ಬೇರೆ ಮೆಷಿನ್ ಇದ್ದರೆ ಅರ್ಧ ಕೆಲಸ ಸಲೀಸು. ಏಪ್ರಿಲ್ 14ಕ್ಕೆ ಶಾಲು ಹೊದಿಸಿ ಸನ್ಮಾನ ಮಾಡುವ ಸಂಘಗಳು ಇದನ್ನು ಕೊಡಬಹುದಲ್ವಾ ಅಂತ ನನಗೆ ಪ್ರತಿ ವರ್ಷ ಅನಿಸುತ್ತದೆ.

ಮನೆಗೆ ಬೇರೆ ಬಟ್ಟೆಯಲ್ಲಿ ಬನ್ನಿ. ಯೂನಿಫಾರಂ ಮನೆಗೆ ಬರಲೇಬೇಕಾದರೆ ಕಟ್ಟಿದ ಚೀಲದಲ್ಲಿ ಬರಲಿ, ಬೇರೆ ಬಕೆಟ್ಟಿನಲ್ಲಿ ನೆನೆಯಲಿ, ತೊಳೆಯುವವರು ಕೈಗವಸು ಹಾಕಿಕೊಳ್ಳಲಿ. ಬೂಟು ಹೊಸ್ತಿಲ ಹೊರಗೆ. ಮಗು ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುವ ಮುಂಚೆ ಇದೆಲ್ಲ ಆಗಿರಬೇಕು.

ಬೆಂಕಿ ಆರಿಸುವವರಿಗೆ ಹೃದಯವೂ ಅಷ್ಟೇ ದೊಡ್ಡ ಚಿಂತೆ. ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸಾಯುವ ಅಗ್ನಿಶಾಮಕರಲ್ಲಿ ಬೇರೆ ಯಾವ ಒಂದು ಕಾರಣಕ್ಕಿಂತಲೂ ಹೆಚ್ಚು ಜನರನ್ನು ಕೊಲ್ಲುವುದು ಉರಿಯಲ್ಲ, ಹೃದಯಾಘಾತ. ಗಾಢ ನಿದ್ದೆಯಿಂದ ಗಂಟೆ ಸದ್ದಿಗೆ ಎದ್ದು, ಐದು ನಿಮಿಷದಲ್ಲಿ ಭಾರ ಹೊತ್ತು ಬಿಸಿಗೆ ನುಗ್ಗುವ ಕೆಲಸ. ಹೊರಗೆ ಎಷ್ಟೇ ಚಳಿ ಇದ್ದರೂ ಆ ಕೋಟಿನೊಳಗೆ ಬೆವರು ಸುರಿಯುತ್ತದೆ. ಒಂದು ಸಿಲಿಂಡರ್ ಮುಗಿದ ಮೇಲೆ ಕೂತು, ನೀರು ಕುಡಿದು, ಉಸಿರು ತಹಬಂದಿಗೆ ಬಂದ ಮೇಲೆ ಮುಂದಿನದು. ವರ್ಷಕ್ಕೊಮ್ಮೆ ಬಿಪಿ, ಇಸಿಜಿ, ಶ್ವಾಸಕೋಶದ ಊದುವ ಪರೀಕ್ಷೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ ಉಷ್ಣ ಅಂತ ಎಳನೀರು ಕುಡಿದು ಸುಮ್ಮನಾಗಬೇಡಿ. ವೈದ್ಯರಿಗೆ ಮೊದಲ ವಾಕ್ಯದಲ್ಲೇ ನಿಮ್ಮ ಕೆಲಸ ಏನು ಅಂತ ಹೇಳಿ.

ಸುತ್ತ ನಿಂತವರು ಮಾಡಬಹುದಾದ್ದು ಸಣ್ಣದು. ಹೊಗೆಯಿಂದ ದೂರ ನಿಲ್ಲಿ, ವಿಡಿಯೋಗಾಗಿ ಹತ್ತಿರ ಹೋಗಬೇಡಿ. ನಿಮ್ಮ ಮನೆಯ ನಲ್ಲಿ ಬಿಟ್ಟುಕೊಡಿ. ಒಂದು ಬಕೆಟ್ ನೀರು, ಒಂದು ಸೋಪು, ಎರಡು ಟವೆಲ್. ಟೀ ಆಮೇಲೆ.

ಆರಿದ ಮನೆಗೆ ವಾಪಸ್ ಹೋಗುವಾಗ

ಅಗ್ನಿಶಾಮಕರು ಸರಿ ಅಂದ ಮೇಲೆಯೇ ಒಳಗೆ ಹೋಗಿ. ಮಕ್ಕಳು ಬೇಡ. ಕರೆಂಟ್ ಹಾಕಬೇಡಿ, ಗೋಡೆಯೊಳಗಿನ ವೈರಿನ ಹೊದಿಕೆ ಕರಗಿರಬಹುದು, ವೈರಿಂಗ್‌ನವರು ಆ ಹೊದಿಕೆ ಪರೀಕ್ಷಿಸುವ ಮೆಗ್ಗರ್ ಮೀಟರ್ ಇಟ್ಟು ನೋಡಲಿ. ಮಸಿಯನ್ನು ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ. ಎನ್95, ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಮುರಿದ ಸಿಮೆಂಟ್ ಶೀಟನ್ನು ಒದ್ದೆ ಮಾಡಿ ಇಡಿಯಾಗಿ ಎತ್ತಿ, ಪುಡಿ ಮಾಡಬೇಡಿ. ಹೊಗೆ ತಾಕಿದ ಅಕ್ಕಿ, ಬೇಳೆ, ಮಾತ್ರೆಗಳನ್ನು ಎಸೆಯಿರಿ.

ಮಸಿ ಒರೆಸಿದ ಬಟ್ಟೆಯನ್ನೂ ಮನೆಬಟ್ಟೆಯ ಜೊತೆ ನೆನೆಹಾಕಬೇಡಿ. ಚಿಕ್ಕಮ್ಮನ ಮನೆಯ ಹಿತ್ತಿಲಲ್ಲಿ ಬೇಲಿ ಪಕ್ಕ ಒಂದು ಒಂಟಿ ಹಗ್ಗ ಇದೆ. ಚಿಕ್ಕಪ್ಪನ ಸರ್ವೀಸಿನ ಕೊನೆಯ ಕೆಲವು ವರ್ಷ ಖಾಕಿ ಅಲ್ಲೇ ಒಣಗುತ್ತಿತ್ತು. ಈಗ ಅದರ ಮೇಲೆ ಒಲೆ ಒರೆಸುವ ಬಟ್ಟೆ ಇರುತ್ತದೆ.